ಅಕ್ಕತಂಗಿ ಎಲೆಗಳು

ಯುಗಾದಿಯ ಬೇವು-ಬೆಲ್ಲ ಇನ್ನೂ ನಾಲಗೆಯ ಮೇಲಿರುವಾಗಲೇ ಚಾಮರಾಜನಗರದ ಚಿಕ್ಕಮಲ್ಲಪ್ಪನ ಮನೆಯಲ್ಲಿ ಮಾತು ಕಹಿಯಾಯಿತು. ಮದುವೆಯಾದ ಮೇಲಿನ ಮೊದಲ ಯುಗಾದಿಗೆಂದು ಗಂಡನೊಂದಿಗೆ ಗುಂಡ್ಲುಪೇಟೆಯ ತವರಿಗೆ ಹೋಗಿದ್ದ ಸೊಸೆ ಶಿವರುದ್ರಮ್ಮ ವಾಪಸು ಬರಲಿಲ್ಲ. ಮಗ ಮರಿಮಲ್ಲಪ್ಪ ಒಬ್ಬನೇ ಬಸ್ಸಿಳಿದು, ಮಾವನ ಮನೆಯವರು ಕೊಟ್ಟ ಹೊಸ ಪಂಚೆಯನ್ನು ಕಂಕುಳಲ್ಲಿ ಅವುಚಿಕೊಂಡು, ಬೀದಿಯವರ ಕಣ್ಣು ತಪ್ಪಿಸುತ್ತ ಮನೆ ಸೇರಿದ. ಕಾಲು ತೊಳೆಯುವುದಕ್ಕೇ ಅರ್ಧ ಕೊಳಗ ನೀರು ಸುರಿದುಕೊಂಡ. ತಾಯಿ ಮಹಾಲಕ್ಷ್ಮಮ್ಮ ಸೊಸೆ ಎಲ್ಲಿ ಎಂದು ಕೇಳಿದ್ದಕ್ಕೆ ಮುಂದಿನ ವಾರ ಬರುತ್ತಾಳೆಂದು ಗೊಣಗಿದ. ಏಕೆಂದು ಕೇಳಿದರೆ ಸಾರು ಬಿಸಿಯಿದೆ ಎಂದ. ಎರಡನೆಯ ಮುದ್ದೆ ತಣಿಗೆಗೆ ಬೀಳುವ ಹೊತ್ತಿಗೆ ನಿಜ ಹೊರಬಿತ್ತು.

ಯುಗಾದಿಗೆ ಇಸ್ಪೀಟು ಬಿಚ್ಚದ ಮನೆ ಆ ಸೀಮೆಯಲ್ಲಿ ಯಾವುದಿದೆ? ವರ್ಷವೆಲ್ಲ ಎಲೆ ಮುಟ್ಟದವರೂ ಆಗ ಚಾಪೆ ಹಾಸುತ್ತಾರೆ. ಹೊಸ ಅಳಿಯನಂತೂ ಭಾವಮೈದುನರ ಜೊತೆ ಕೂತು ಆಡಲೇಬೇಕು. ಆಡದಿದ್ದರೆ ಹೇಡಿ, ಗೆದ್ದರೆ ಕಳ್ಳ, ಸೋತರೆ ಒಳ್ಳೆಯ ಅಳಿಯ. ಆದರೆ ಈ ಸಲದ ಯುಗಾದಿ ಒಂದು ತರಲೆ ಯುಗಾದಿ. ಹಬ್ಬದ ಬೆನ್ನಿಗೇ ಸರಕಾರ ಹೊಸ ಪೈಸೆ ತಂದಿತ್ತು. ಒಂದಾಣೆಗೆ ಆರು ಪೈಸೆಯೋ ಆರೂಕಾಲೋ ಎಂದು ಚಾಪೆಯ ಸುತ್ತ ಜಗಳ ಹತ್ತಿಕೊಂಡಿತು. ಕಾಲು ಪೈಸೆಯನ್ನು ಯಾರು ಕಡಿದು ಕೊಡುತ್ತಾರೆ? ಕೊನೆಗೆ ಶಿವರುದ್ರಮ್ಮನ ಅಣ್ಣ ನೀಲಕಂಠಸ್ವಾಮಿ, ಅರಿಸಿನ ಬೆಳ್ಳುಳ್ಳಿ ವ್ಯಾಪಾರದ ನಗೆಮಾತಿನ ಮನುಷ್ಯ, ಕಾಸನ್ನೆಲ್ಲ ಬದಿಗೆ ತಳ್ಳಿ ಹುಣಸೆಬೀಜ ತರಿಸಿದ. ಬೀಜ ಮುಗಿದವನು ಸೋತ. ಭಾವ ಸೋತರೆ ತಂಗಿ ಇನ್ನೊಂದು ವಾರ ತವರಲ್ಲಿ, ಭಾವ ಗೆದ್ದರೆ ಅಂದೇ ಗಾಡಿ ಹತ್ತಲಿ ಎಂದ. ಎಲ್ಲರೂ ನಕ್ಕರು. ಮರಿಮಲ್ಲಪ್ಪನೂ ನಕ್ಕು ಕೈ ಮೇಲೆ ಕೈ ಹಾಕಿ ಮಾತು ಕೊಟ್ಟ.

"ಹೆಂಡ್ತಿನ ಯಾರಾದ್ರೂ ಚಾಪೆ ಮೇಲೆ ಇಡ್ತಾರ್ಲಾ?" ಎಂದಳು ಮಹಾಲಕ್ಷ್ಮಮ್ಮ.

"ಹೆಂಡ್ತಿನ ಅಲ್ಲ ಕಣವ್ವ, ದಿನಾನ."

"ಯಾವತ್ತು ಆಡುದ್ದು?"

ಮರಿಮಲ್ಲಪ್ಪ ಇನ್ನಷ್ಟು ಸಾರು ಬಿಟ್ಟುಕೊಂಡ. ಆಡಿದ್ದು ಹಬ್ಬದ ಮಾರನೆಯ ದಿನ, ವರ್ಷದ ತೊಡಕಿನಂದು. ಆ ದಿನ ನಕ್ಕವರು ವರ್ಷವೆಲ್ಲ ನಗುತ್ತಾರೆ, ಅತ್ತವರು ವರ್ಷವೆಲ್ಲ ಅಳುತ್ತಾರೆ. ಆ ದಿನವೇ ಹೆಂಡತಿಯ ದಿನ ಸೋತು ಬಂದವನ ಮನೆಯಲ್ಲಿ ವರ್ಷವೆಲ್ಲ ಸೊಸೆ ನಿಲ್ಲುತ್ತಾಳೆಯೇ ಎಂಬ ಹುಳ ಮಹಾಲಕ್ಷ್ಮಮ್ಮನ ತಲೆಯನ್ನು ಹೊಕ್ಕಿತು.

ಅಂಗಡಿ ಬೀದಿಯಲ್ಲಿ ಬೆಲ್ಲದ ಮಂಡಿ ಇಟ್ಟಿದ್ದ ಚಿಕ್ಕಮಲ್ಲಪ್ಪ ಹೆಚ್ಚು ಮಾತಿನವನಲ್ಲ. ಹೆಂಡತಿ ತಾನೇ ಹೋಗಿ ಸೊಸೆಯನ್ನು ಕರೆತರುತ್ತೇನೆಂದು ಎದ್ದಾಗ ಮಾತ್ರ ಅಡ್ಡ ಬಂದ. ಮಗ ಕೊಟ್ಟ ಮಾತನ್ನು ತಾಯಿ ಹೋಗಿ ಮುರಿದರೆ ನಾಳೆ ತನ್ನ ತಕ್ಕಡಿಯನ್ನು ಯಾರು ನಂಬುತ್ತಾರೆ ಎಂಬುದು ಅವನ ವಾದ. ಮೂಲೆಯಲ್ಲಿ ಕೂತು ಅಡಕೆ ಕುಟ್ಟುತ್ತಿದ್ದ ಅವನ ತಾಯಿ ಮಲ್ಲಾಜಮ್ಮನಿಗೆ ಮಾತ್ರ ಇದೆಲ್ಲ ತಮಾಷೆಯಾಗಿ ಕಂಡಿತು. ಒಂದು ವಾರ ತಾನೇ, ಹುಡುಗಿ ಎಣ್ಣೆ ನೀರು ಹಾಕಿಸಿಕೊಂಡು ಬರಲಿ ಬಿಡಿ ಎಂದಳು.

ಆ ಒಂದು ವಾರ ಬಿದ್ದದ್ದು ಮಗಳು ಚಂದ್ರಮತಿಯ ಸೊಂಟದ ಮೇಲೆ. ಅಜ್ಜಿಯ ಕತೆ ಕೇಳುತ್ತ ಬೆಳೆದ ಈ ಹುಡುಗಿ ಬಾವಿಗೆ ಹೋದರೆ ನೀರಿನಲ್ಲಿ ಏಳು ಸುತ್ತಿನ ಕೋಟೆ ನೋಡುತ್ತ ನಿಂತುಬಿಡುವವಳು. ಅತ್ತಿಗೆ ಬಂದ ಮೇಲೆ ಆ ತೊಂದರೆ ಇರಲಿಲ್ಲ. ಹಗ್ಗ ಹಿಡಿಯಲು ಅತ್ತಿಗೆ, ಕೋಟೆ ನೋಡಲು ಇವಳು. ರಾಗಿ ಬೀಸುವಾಗ ಗೂಟಕ್ಕೆ ಇಬ್ಬರ ಕೈ, ಒಬ್ಬಳ ಹಾಡು. ಈಗ ಕೊಟ್ಟಿಗೆ ಬಾಚುವುದರಿಂದ ಹಿಡಿದು ದೀಪದ ಬುರುಡೆ ಒರೆಸುವ ತನಕ ಎಲ್ಲವೂ ಒಂಟಿ ಕೈ. ಮಂಡಿನೋವಿನ ತಾಯಿ ಕೂತಲ್ಲಿಂದಲೇ ಬೈಯುವಳು. ಚಂದ್ರಮತಿ ತಿರುವಿದ ಮುದ್ದೆಯಲ್ಲಿ ಗಂಟು ಸಿಕ್ಕರೆ ಅಪ್ಪ ಅದನ್ನು ತಣಿಗೆಯ ಅಂಚಿಗೆ ಸರಿಸಿ, ಏನೂ ಹೇಳದೆ ಎದ್ದು ಹೋಗುವನು. ಬೈಗುಳಕ್ಕಿಂತ ಅದೇ ಅವಳಿಗೆ ಹೆಚ್ಚು ನಾಟುತ್ತಿತ್ತು.

ಮುಂದಿನ ವಾರ ಮರಿಮಲ್ಲಪ್ಪ ಗುಂಡ್ಲುಪೇಟೆಗೆ ಹೋದ. ಮತ್ತೆ ಅದೇ ಪಂತ ಕಟ್ಟಿ, ಮತ್ತೆ ಸೋತು, ಒಬ್ಬನೇ ಬಂದ. ಅದರ ಮುಂದಿನ ವಾರವೂ ಹೋದ. ಬರುವಾಗ ಒಂದು ಗಂಟು ಬೆಳ್ಳುಳ್ಳಿ ತಂದ, ಭಾವ ಕೊಟ್ಟರು ಎಂದ. ಮಹಾಲಕ್ಷ್ಮಮ್ಮ ಆ ಗಂಟನ್ನು ಒಳಗೆ ಬಿಡಲಿಲ್ಲ. ಅದು ಜಗಲಿಯ ಮೇಲೆಯೇ ಒಣಗಿತು.

ಅಂದು ಊಟಕ್ಕೆ ಬಡಿಸುತ್ತ ಚಂದ್ರಮತಿ ಅಣ್ಣನನ್ನು ಮೆಲ್ಲಗೆ ಕೆದಕಿದಳು. ಅಲ್ಲಿ ಆಡುವುದು ಈ ಮನೆಯಲ್ಲಿ ಚಿಕ್ಕಂದಿನಲ್ಲಿ ಅಜ್ಜಿ ಕಲಿಸಿದ ಆಟವೇ. ಪ್ರತಿಯೊಬ್ಬನ ಕೈಗೆ ಎರಡು ಎಲೆ. ಆಮೇಲೆ ಚಾಪೆಯ ಮೇಲೆ, ಎಲ್ಲರಿಗೂ ಸೇರಿದಂತೆ, ಒಂದಾದ ಮೇಲೊಂದು ಎರಡು ಎಲೆ ಬಿಚ್ಚುತ್ತಾರೆ. ಒಂದೇ ಅಂಕಿಯ ಎರಡು ಕೂಡಿದರೆ ಜೋಡಿ. ಮೂರು ಎಲೆ ಮೆಟ್ಟಿಲಿನಂತೆ ಕೂಡಿದರೆ ಸಾಲು. ಅದು ಜೋಡಿಯನ್ನು ಹೊಡೆಯುತ್ತದೆ. ಎರಡೂ ಇಲ್ಲದಿದ್ದರೆ ದೊಡ್ಡ ಎಲೆಯವನೇ ದೊಡ್ಡವನು. ಎಲೆ ನೋಡಿಕೊಂಡು ಬೀಜ ಹಾಕಬೇಕು. ಮುಂದಿನವನು ಹೆಚ್ಚು ಸುರಿದರೆ ತಾನೂ ಅಷ್ಟು ಸುರಿಯಬೇಕು, ಇಲ್ಲವೇ ಎಲೆ ಕೆಳಗಿಡಬೇಕು. ಅಷ್ಟು ಬೀಜ ಇಲ್ಲದವನು ಇದ್ದದ್ದನ್ನೆಲ್ಲ ಸುರಿದು ಅಷ್ಟರ ಮಟ್ಟಿಗೇ ಆಡಬಹುದು.

"ಏಳು-ಎಂಟು ಬಂದಿತ್ತು ಕಣಮ್ಮಿ," ಎಂದ ಮರಿಮಲ್ಲಪ್ಪ. "ಅಕ್ಕತಂಗಿ ಎಲೆ. ಅದ್ನ ಎಂಗೆ ಕೆಳಗಿಡಾದು?"

"ಹೋದ ವಾರ?"

"ಐದು-ಆರು."

"ಅದರ ಹಿಂದಿನ ವಾರ?"

ಅವನು ನೀರು ಕುಡಿದ. ಚಂದ್ರಮತಿಗೆ ಎಲ್ಲವೂ ಹೊಳೆಯಿತು. ಒಂದರ ಪಕ್ಕದ ಒಂದು ಎಲೆ ಕೈಗೆ ಬಂದರೆ ಅಣ್ಣ ಬಿಡುವುದೇ ಇಲ್ಲ. ಮೊದಲ ಸರದಿಯಲ್ಲಿ ಕೂತಿರಲಿ, ಕೊನೆಯಲ್ಲಿರಲಿ. ನೀಲಕಂಠಸ್ವಾಮಿ ಬೊಗಸೆ ತುಂಬ ಸುರಿಯಲಿ, ಒಂದೇ ಬೀಜ ಹಾಕಲಿ. ಚಾಪೆಯ ಮೇಲೆ ಬೇಕಾದ ಎಲೆ ಬರಲಿ, ಬಾರದಿರಲಿ, ಬೀಜ ಮುಗಿಯುವ ತನಕ ಹಿಂದೆ ಬೀಳುತ್ತಾನೆ. ಏಕೆಂದರೆ ಅಜ್ಜಿಯ ಕತೆ ಹಾಗಿತ್ತು. ಏಳಮ್ಮ, ಎಂಟಮ್ಮ ಎಂಬ ಅಕ್ಕತಂಗಿಯರನ್ನು ಒಬ್ಬ ದೊರೆ ಅಗಲಿಸಿದ. ಅವನ ಅರಮನೆಗೆ ಬೆಂಕಿ ಬಿತ್ತು. ಆದ್ದರಿಂದ ಅಕ್ಕತಂಗಿ ಎಲೆಯನ್ನು ಕೈಬಿಡಬಾರದು. ಬೇರೆ ಮನೆಯವರು ಇಸ್ಪೀಟನ್ನು ಲೆಕ್ಕವಾಗಿ ಕಲಿಯುತ್ತಾರೆ, ಈ ಮನೆಯ ಮಕ್ಕಳು ಕತೆಯಾಗಿ ಕಲಿತಿದ್ದರು.

ಅಷ್ಟರಲ್ಲಿ ಮಠದಿಂದ ಹೇಳಿಕಳಿಸಿದರು. ಬಸವ ಜಯಂತಿಯ ದಿನ ಸ್ವಾಮಿಗಳು ಚಿಕ್ಕಮಲ್ಲಪ್ಪನ ಮನೆಗೆ ಪಾದಪೂಜೆಗೆ ಬರುತ್ತಾರೆಂದು. ಮನೆತುಂಬಿದ ಸೊಸೆ ಮಡಿಯುಟ್ಟು ನೀರೆರೆಯಬೇಕು. ಬೀದಿಯಲ್ಲೆಲ್ಲ ಆಗಲೇ ಗುಸುಗುಸು: ಸೊಸೆ ಮುನಿಸಿಕೊಂಡು ಹೋಗಿದ್ದಾಳಂತೆ, ಅತ್ತೆ ಊಟಕ್ಕಿಕ್ಕುತ್ತಿರಲಿಲ್ಲವಂತೆ. ಕೊನೆಯ ಮಾತು ಕಿವಿಗೆ ಬಿದ್ದ ದಿನ ಮಹಾಲಕ್ಷ್ಮಮ್ಮ ಒಲೆಯ ಮುಂದಿನಿಂದ ಎದ್ದು ನಡುಮನೆಗೆ ಬಂದಳು. ಅಪ್ಪ, ಮಗ ಇಬ್ಬರೂ ಉಣ್ಣುತ್ತಿದ್ದರು.

"ಕೇಳುಸ್ಕೊಳ್ಳಿ ಇಬ್ರೂವೆ. ಪಾದಪೂಜೆ ದಿನಕ್ಕೆ ಅವ್ಳು ಈ ಮನೇಲಿರ್ಬೇಕು. ಇಲ್ದೆ ಹೋದ್ರೆ ಅಲ್ಲೇ ಇರ್ಲಿ. ಆಮೇಲೆ ಅವ್ಳು ಬಂದ್ರೂ ನಾನು ಬಾಗ್ಲು ತೆಗಿಯಕಿಲ್ಲ."

ಚಿಕ್ಕಮಲ್ಲಪ್ಪ ಕೈತೊಳೆದು ಎದ್ದ. ಮಹಾಲಕ್ಷ್ಮಮ್ಮ ಮಾತಿಗೆ ಕಚ್ಚಿಕೊಂಡರೆ ಉಡದ ಹಿಡಿತ ಎಂಬುದು ಎಲ್ಲರಿಗೂ ಗೊತ್ತಿತ್ತು. ತಂಗಿಯ ಮದುವೆಯಲ್ಲಿ ತಾಂಬೂಲ ತಪ್ಪಿತೆಂದು ಚಂದಕವಾಡಿಯ ನೆಂಟರ ಮನೆಯ ಹೊಸಿಲನ್ನು ಇಂದಿಗೂ ತುಳಿದವಳಲ್ಲ. ಗುಂಡ್ಲುಪೇಟೆಯವರದೂ ಅದೇ ಹಟ: ಯುಗಾದಿಗೆ ಬಿಚ್ಚಿದ ಇಸ್ಪೀಟನ್ನು ಬಸವ ಜಯಂತಿಯ ಮುಂಚೆ ಕಟ್ಟಿ ಗೂಡಿಗಿಟ್ಟರೆ ಮುಂದಿನ ಯುಗಾದಿಯ ತನಕ ಮುಟ್ಟುವುದಿಲ್ಲ. ಉಳಿದದ್ದು ಒಂದೇ ಆಟ. ಅದನ್ನೂ ಅಣ್ಣ ಸೋತರೆ ಅತ್ತಿಗೆ ಈ ಹೊಸಿಲು ದಾಟುವುದಿಲ್ಲ.

ಮಧ್ಯಾಹ್ನ ರಾಗಿ ಬೀಸುತ್ತ ಅವಳು ಅಜ್ಜಿಯನ್ನು ಕೇಳಿಯೇಬಿಟ್ಟಳು. ನಿನ್ನ ಏಳಮ್ಮ ಎಂಟಮ್ಮರ ಕತೆಯಿಂದಲೇ ಅಣ್ಣ ಮನೆ ಹಾಳುಮಾಡುತ್ತಿದ್ದಾನೆ ಎಂದಳು.

"ಯಾವ ಕತೆ?"

"ದೊರೆ ಅರಮನೆ ಸುಟ್ಟೋಯ್ತಲ್ಲ, ಅದು."

"ಅದು ಅರ್ಧ ಕತೆ," ಎಂದಳು ಮಲ್ಲಾಜಮ್ಮ. "ಅಲ್ಲಿಗೆ ನೀವಿಬ್ರೂ ಗೊರಕೆ ಹೊಡಿತಿದ್ರಿ. ಮಲಗಿರೋರಿಗೆ ಯಾರು ಕತೆ ಹೇಳ್ತಾರೆ?"

ಚಂದ್ರಮತಿ ಬೀಸುಕಲ್ಲು ಬಿಟ್ಟು ಓಡಿ ಮಂಡಿಯಿಂದ ಅಣ್ಣನನ್ನು ಎಳೆದುಕೊಂಡು ಬಂದಳು. ಮೀಸೆ ಬಂದ ಮೊಮ್ಮಗನನ್ನು ಎದುರಿಗೆ ಕೂರಿಸಿಕೊಂಡು, ಬೊಚ್ಚುಬಾಯಲ್ಲಿ ಅಡಕೆಪುಡಿ ಹೊರಳಿಸುತ್ತ, ಅಜ್ಜಿ ಕತೆಯ ಉಳಿದರ್ಧ ಹೇಳಿದಳು.

ಅರಮನೆ ಸುಟ್ಟ ಮೇಲೆ ಅಕ್ಕತಂಗಿಯರು ಕೈಕೈ ಹಿಡಿದು ತವರಿಗೆ ಹೊರಟರು. ನಡುವೆ ತುಂಬಿದ ಹೊಳೆ. ದೋಣಿಯವನು ಇಬ್ಬರನ್ನೇ ಹತ್ತಿಸಿದರೆ ದೋಣಿ ಓಲಾಡುತ್ತದೆ, ಮೂರನೆಯವಳು ಬಂದರೆ ದಾಟಿಸುತ್ತೇನೆ ಎಂದ. ಮೂರನೆಯವಳೆಂದರೆ ಯಾರೋ ಅಲ್ಲ, ಅವರ ಪಕ್ಕದ ಮನೆಯವಳೇ ಆಗಬೇಕು. ಎಕ್ಕದಿಂದ ರಾಜನ ತನಕ ಒಂದು ಬೀದಿ. ನಡುಬೀದಿಯವರಿಗೆ ಎರಡೂ ಪಕ್ಕ ನೆರೆಮನೆ. ರಾಜ-ರಾಣಿಯದು ಮೂಲೆಮನೆ, ಅವರಿಗೆ ಒಂದೇ ಪಕ್ಕ. ಹೀಗೆ ದಡದಲ್ಲಿ ಕೂತರು. ಕೂರುವುದಕ್ಕೆ ದೋಣಿಯವನು ಒಂದು ಕಾಳು ಕೇಳಿದರೆ ಕೊಟ್ಟರು. ಮೂಟೆ ಕೇಳಿದರೆ ಸೆರಗು ಕೊಡವಿ ಎದ್ದರು. ಎಲ್ಲರೂ ದೋಣಿ ಹತ್ತಿದ್ದನ್ನು ನೋಡಿಕೊಂಡು ಕೊನೆಗೆ ಹೆಜ್ಜೆ ಇಡೋಣವೆಂದು ಕಾದರು, ಮೊದಲು ನುಗ್ಗಲಿಲ್ಲ. ಹೊತ್ತು ಇಳಿಯಿತು, ಮೂರನೆಯವಳು ಬರಲಿಲ್ಲ.

"ಆಮೇಲೆ?" ಎಂದ ಮರಿಮಲ್ಲಪ್ಪ, ಮೀಸೆಯನ್ನೂ ಮಂಡಿಯನ್ನೂ ಮರೆತು.

"ಆಮೇಲೇನು, ಮನೆಗೆ ವಾಪಸ್ ಬಂದ್ರು. ಬದುಕುದ್ರು. ಇನ್ನೊಂದಿನ ದಾಟುದ್ರು. ಅಗಲಿಸ್ಬ್ಯಾಡ ಅಂದ್ರೆ ಇಬ್ರುನ್ನೂ ಒಟ್ಟಿಗೆ ಮುಳುಗ್ಸು ಅಂತ ಯಾರ್ಲಾ ಹೇಳುದ್ರು?"

ಮರಿಮಲ್ಲಪ್ಪ ಬೀಸುಕಲ್ಲಿನ ಗೂಟ ಹಿಡಿದು ಒಂದು ಸುತ್ತು ತಿರುಗಿಸಿದ. ಆಮೇಲೆ, ಅಲ್ಲಿ ಕೂತಾಗ ಇದೆಲ್ಲ ನೆನಪಾಗುವುದಿಲ್ಲ, ಭಾವ ನಕ್ಕರೆ ಕೈ ತಾನಾಗಿ ಬೀಜಕ್ಕೆ ಹೋಗುತ್ತದೆ ಎಂದು ಒಪ್ಪಿಕೊಂಡ. ಹಾಗಾದರೆ ತಂಗಿಯನ್ನು ಜೊತೆಗೆ ಕರೆದುಕೊಂಡು ಹೋಗು, ಬೆನ್ನಿಗೆ ಕೂತಿರಲಿ ಎಂದಳು ಅಜ್ಜಿ. ಬಸ್ಸಿನ ಕಾಸಿಗೆ ಚಿಕ್ಕಮಲ್ಲಪ್ಪ ಗೊಣಗಿದ. ವಾರವಾರವೂ ಗುಂಡ್ಲುಪೇಟೆಗೆ ಸುರಿದ ಕಾಸಿಗೆ ಇನ್ನೊಂದು ಎತ್ತು ಬರುತ್ತಿತ್ತೆಂದ. ಆದರೆ ಕೊಟ್ಟ.

ಬಸ್ಸು ತೆರಕಣಾಂಬಿಯಲ್ಲಿ ನಿಂತು, ಕಂಡಕ್ಟರನಿಗೂ ಒಬ್ಬ ಮುದುಕಿಗೂ ಹೊಸ ಪೈಸೆಯ ವ್ಯಾಜ್ಯ ಮುಗಿದು, ಗುಂಡ್ಲುಪೇಟೆ ಸೇರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ನೀಲಕಂಠಸ್ವಾಮಿ ಎದುರು ಬಂದು ಭಾವನ ಕೈಚೀಲ ಇಸಿದುಕೊಂಡ. ಈ ಸಲ ಕಾವಲಿಗೆ ತಂಗಿಯನ್ನೂ ಕರೆತಂದಿರಾ ಎಂದು ನಕ್ಕ. ಊಟಕ್ಕೆ ಒಬ್ಬಟ್ಟು ಮಾಡಿಸಿದ್ದರು. ಚಂದ್ರಮತಿ ತನ್ನದನ್ನು ಮುಟ್ಟದೆ ಬಿಟ್ಟು ಎದ್ದಳು.

ಹಿತ್ತಿಲ ಬಾವಿಕಟ್ಟೆಯ ಹತ್ತಿರ ಶಿವರುದ್ರಮ್ಮ ಸಿಕ್ಕಳು. ಮೈ ಕೈ ತುಂಬಿಕೊಂಡು ಚೆನ್ನಾಗಿಯೇ ಇದ್ದಳು, ಮುಖ ಮಾತ್ರ ಬಾಡಿತ್ತು. ಚಂದ್ರಮತಿ ಪಾದಪೂಜೆಯ ವಿಷಯ, ಅವ್ವ ಆಡಿದ ಮಾತು ಎರಡನ್ನೂ ಹೇಳಿದಳು. ಶಿವರುದ್ರಮ್ಮ ಹಗ್ಗವನ್ನು ರಾಟೆಗೆ ಸುತ್ತಿ ನಿಲ್ಲಿಸಿದಳು.

"ನಮ್ಮಣ್ಣ ಒಂದು ವಾರ ಅಂತಾನೆ, ನಿಮ್ಮಣ್ಣ ಸರಿ ಅಂತಾರೆ. ಅತ್ತೆ ಬಾಗ್ಲು ಹಾಕ್ತೀನಿ ಅಂತಾರೆ. ನಿನಗೆ ಏನು ಬೇಕು ಅಂತ ಒಬ್ರಾದ್ರೂ ಕೇಳುದ್ರಾ ಚಂದ್ರಿ?"

"ನಾನು ಕೇಳ್ತೀನಿ ಅತ್ಗೆ. ಏನು ಬೇಕು?"

ಶಿವರುದ್ರಮ್ಮ ಬಾವಿಕಟ್ಟೆಯ ಮೇಲೆ ಕೂತಳು. ಮೊದಲ ವಾರ ಸುಖವಾಗಿತ್ತೆಂದು ಮೆಲ್ಲಗೆ ಹೇಳಿದಳು. ಬಿಸಿಲೇರುವ ತನಕ ಮಲಗಿದ್ದಳಂತೆ. ಆಮೇಲೆ ಕೆಳಗೆ ಇಳಿಸಿದ ಮೂಟೆಯಂತೆ ಆಯಿತಂತೆ, ಯಾರೋ ಬಂದು ಎತ್ತಬೇಕು ಅಥವಾ ಬಿಡಬೇಕು. ಚಂದ್ರಮತಿ ನೀರು ಸೇದುತ್ತ ಏಳಮ್ಮ ಎಂಟಮ್ಮರ ಕತೆಯನ್ನು, ಈ ಸಲ ಪೂರ್ತಿಯಾಗಿ, ಹೇಳಿದಳು. ಶಿವರುದ್ರಮ್ಮ ಕೊಡ ತುಂಬಿದ್ದನ್ನೂ ನೋಡದೆ ಕೇಳಿದಳು.

ಚಾಪೆ ಹಾಸಿದಾಗ ಅವಳು ಒಳಗಿನಿಂದ ಬಂದು ಎಲ್ಲರ ಕೊನೆಗೆ, ಎರಡನೆಯ ತಮ್ಮನ ಪಕ್ಕದಲ್ಲಿ ಕೂತಳು. "ನನಗೂ ಎರಡೆಲೆ ಹಾಕಣ್ಣ," ಎಂದಳು.

ನೀಲಕಂಠಸ್ವಾಮಿ ಎಲೆ ಕಲೆಸುವುದನ್ನು ನಿಲ್ಲಿಸಿದ. ಯಾರ ದಿನಕ್ಕೆ ಆಟವೋ ಅವಳೇ ಆಡುವುದೆಲ್ಲಿಯಾದರೂ ಉಂಟೇ ಎಂದ. ಬಾಗಿಲ ಬಳಿ ಬತ್ತಿ ಹೊಸೆಯುತ್ತಿದ್ದ ತಾಯಿ ಪುಟ್ಟಬಸಮ್ಮ ತಲೆಯೆತ್ತದೆ, "ಅವಳ ದಿನ ಅವಳು ಆಡದೆ ಇನ್ಯಾರು ಆಡ್ಬೇಕ್ಲಾ? ಹಾಕು," ಎಂದಳು. ಹಾಕಿದ.

ಮೊದಮೊದಲು ಬೀಜಗಳು ಅತ್ತಿಂದಿತ್ತ ಸರಿದಾಡಿದವು. ಅಣ್ಣನ ಬೆನ್ನ ಹಿಂದೆ ಕೂತ ಚಂದ್ರಮತಿಗೆ ಅವನ ಎಲೆ ಕಾಣುತ್ತಿತ್ತು. ಒಂದು ಸುತ್ತಿನಲ್ಲಿ ಅವನೇ ಮೊದಲು ಆಡಬೇಕಿತ್ತು. ಎಲೆ ಅರಳಿಸಿದ: ಏಳು, ಎಂಟು. ಅವನ ಕಿವಿ ಕೆಂಪಾಯಿತು. ಹಿಂದೆ ನಾಲ್ವರ ಸರದಿ ಬಾಕಿ. ಯಾರು ಎಷ್ಟು ಸುರಿಯುತ್ತಾರೋ ತಿಳಿಯದು. ಕೈ ಬೀಜದ ಕಡೆ ಹೋಯಿತು, ನಿಂತಿತು. ಎರಡೂ ಎಲೆಯನ್ನು ಕವುಚಿ ಚಾಪೆಯ ಅಂಚಿಗೆ ಇಟ್ಟ. ಭಾವಮೈದುನರು ಮುಖ ಮುಖ ನೋಡಿಕೊಂಡರು. ನೀಲಕಂಠಸ್ವಾಮಿ ಬೊಗಸೆ ಸುರಿದ, ಉಳಿದವರಲ್ಲಿ ಒಬ್ಬ ತಾನೂ ಅಷ್ಟೇ ಸುರಿದ. ಚಾಪೆಯ ಮೇಲೆ ಮೊದಲ ಎಲೆ ಬಿಚ್ಚಿದರು. ಒಂಬತ್ತು.

ಚಂದ್ರಮತಿ ಕಣ್ಣು ಮುಚ್ಚಿಕೊಂಡಳು. ಏಳು, ಎಂಟು, ಒಂಬತ್ತು. ಇಟ್ಟುಕೊಂಡಿದ್ದರೆ ರಾಶಿಯೆಲ್ಲ ಅಣ್ಣನದೇ. ಅದು ಅವನಿಗೂ ಗೊತ್ತು. ಇನ್ನು ಮೇಲೆ ಅಜ್ಜಿಯ ಕತೆಯನ್ನು ಅವನು ಕೇಳುವುದೂ ಉಂಟೇ ಎಂದುಕೊಂಡಳು.

"ಏನ್ ಬುಟ್ರಿ ಭಾವ? ಮುಖ ಯಾಕೋ ಉಪ್ಪಿಲ್ದ ಸಾರಾಯ್ತು," ಎಂದ ನೀಲಕಂಠಸ್ವಾಮಿ.

ಮರಿಮಲ್ಲಪ್ಪ ತನ್ನ ಬೀಜಗಳನ್ನು ಹತ್ತಿರಕ್ಕೆ ಸರಿಸಿಕೊಂಡ. "ದೋಣಿಯವನು ಮೂಟೆ ಕೇಳ್ದ, ನಾವು ಎದ್ದು ಬಂದೋ," ಎಂದ. ಅಲ್ಲಿದ್ದವರಿಗೆ ಅದೇನೆಂದು ತಿಳಿಯಲಿಲ್ಲ. ಶಿವರುದ್ರಮ್ಮ ಮಾತ್ರ ಸೆರಗಿನ ಮರೆಯಲ್ಲಿ ನಕ್ಕಳು. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೇರ ನೋಡಿದ್ದು ಆ ದಿನ ಅದೇ ಮೊದಲು.

ಅಲ್ಲಿಂದ ಮುಂದೆ ಅವನ ಆಟ ನಿಧಾನವಾಯಿತು. ಬಂದಾಗ ಆಡಿದ, ಬಾರದಾಗ ಕೆಳಗಿಟ್ಟ. ನೀಲಕಂಠಸ್ವಾಮಿಯ ತಮ್ಮಂದಿರಿಬ್ಬರ ಬೀಜವೂ ಮುಗಿದು ಅವರು ಎದ್ದು ಕಾಫಿಗೆ ಹೋದರು. ಉಳಿದವರು ಮೂವರು. ನೀಲಕಂಠಸ್ವಾಮಿಯ ಮುಂದೆ ಗುಡ್ಡೆ, ಶಿವರುದ್ರಮ್ಮನ ಮುಂದೆ ಅದಕ್ಕಿಂತ ತುಸು ಕಡಿಮೆ, ಮರಿಮಲ್ಲಪ್ಪನ ಮುಂದೆ ಒಂದು ಹಿಡಿ.

ಎಲೆ ಹಂಚಿದರು. ನೀಲಕಂಠಸ್ವಾಮಿ ಒಂದು ಬೀಜ ಹಾಕಿದ, ಮರಿಮಲ್ಲಪ್ಪ ಒಂದು ಹಾಕಿದ. ಕೊನೆಯ ಸರದಿಯ ಶಿವರುದ್ರಮ್ಮ ಎಲೆ ನೋಡಿ, ಸುತ್ತಲೂ ನೋಡಿ, ತಾನೂ ಒಂದೇ ಬೀಜ ಹಾಕಿದಳು. ಚಾಪೆಗೆ ಏಳು ಬಂತು. ನೀಲಕಂಠಸ್ವಾಮಿಯ ಹುಬ್ಬು ಕುಣಿಯಿತು. ಗುಡ್ಡೆಯನ್ನೆಲ್ಲ ಎರಡೂ ಕೈಯಿಂದ ಮುಂದಕ್ಕೆ ತಳ್ಳಿದ. ಮರಿಮಲ್ಲಪ್ಪ ಎಲೆ ಕೆಳಗಿಟ್ಟ. ಶಿವರುದ್ರಮ್ಮ ತನ್ನ ಬೀಜಗಳನ್ನು ಒಂದೂ ಉಳಿಸದೆ ಸರಿಸಿದಳು. ಎರಡನೆಯ ಎಲೆ ರಾಜ.

ನೀಲಕಂಠಸ್ವಾಮಿ ತನ್ನ ಕೈಯಲ್ಲಿದ್ದ ಏಳನ್ನು ಬಿಚ್ಚಿ ಜೋಡಿ ಎಂದ. ಶಿವರುದ್ರಮ್ಮ ಒಂದೊಂದಾಗಿ ಐದನ್ನೂ ಆರನ್ನೂ ಬಿಚ್ಚಿ, ಚಾಪೆಯ ಏಳನ್ನು ಬೆರಳಲ್ಲಿ ತನ್ನ ಕಡೆಗೆ ಎಳೆದುಕೊಂಡಳು.

ನೀಲಕಂಠಸ್ವಾಮಿ ಸಾಲನ್ನು ಎರಡು ಸಲ ನೋಡಿದ. ಅವಳು ತನ್ನ ಬೀಜಕ್ಕೆ ಸಮನಾದಷ್ಟನ್ನು ಎಳೆದುಕೊಂಡ ಮೇಲೆ ಅವನ ಮುಂದೆ ಉಳಿದದ್ದನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದಿತ್ತು. ಆಗ ಮರಿಮಲ್ಲಪ್ಪ ತನ್ನ ಹಿಡಿ ಬೀಜವನ್ನು ತೆಗೆದು ಹೆಂಡತಿಯ ರಾಶಿಗೆ ಸುರಿದ. "ಇನ್ನೇನು ಆಡಾದು. ಅವಳದೇ," ಎಂದ.

"ಸರಿ ಕಣಮ್ಮಿ," ಎಂದ ನೀಲಕಂಠಸ್ವಾಮಿ, ಎಲೆಗಳನ್ನು ಕಟ್ಟು ಮಾಡುತ್ತ. "ಗೆದ್ದೋಳು ನೀನು. ಎಷ್ಟು ದಿನ ಇರ್ತೀಯ, ಹೇಳು."

"ನಾಳೆ ಬೆಳಿಗ್ಗೆ ಬಸ್ಸಿಗೆ ಹೊರಡ್ತೀನಿ. ಇನ್ನೊಂದ್ಸಲ ಯಾವಾಗ ಬರ್ಬೇಕು, ಎಷ್ಟು ದಿನ ಇರ್ಬೇಕು ಅಂತ ನಾನೇ ಹೇಳಿಕಳುಸ್ತೀನಿ. ನೀವು ಯಾರೂ ಎಲೆ ಹಾಕ್ಬ್ಯಾಡಿ."

ನೀಲಕಂಠಸ್ವಾಮಿ ದೊಡ್ಡದಾಗಿ ಉಸಿರು ಬಿಟ್ಟ. ತಾಯಿ ತನ್ನನ್ನು ಈ ವಾರವೆಲ್ಲ ಬೈದದ್ದನ್ನು, ತಮಾಷೆಗೆ ಹೂಡಿದ ಆಟವನ್ನು ಬಿಡುವ ದಾರಿ ತನಗೂ ಕಾಣದೆ ಹೋದದ್ದನ್ನು ಆಮೇಲೆ ಕಾಫಿ ಕುಡಿಯುತ್ತ ತಾನೇ ಹೇಳಿಕೊಂಡ. ಭಾವ ಒಂದು ಸಲ ಗೆದ್ದರೆ ಸಾಕು ಎಂದು ಅವನೇ ಹರಕೆ ಹೊತ್ತಿದ್ದನಂತೆ. ಪುಟ್ಟಬಸಮ್ಮ ಮಗಳ ಮಡಿಲಿಗೆ ಅಕ್ಕಿ, ಬೆಲ್ಲ, ಅರಿಸಿನದ ಕೊಂಬು ತುಂಬಿದಳು. ಚಂದ್ರಮತಿಗೆ ಆಗ ಹಸಿವಾಯಿತು. ಮಧ್ಯಾಹ್ನ ಬಿಟ್ಟಿದ್ದ ಒಬ್ಬಟ್ಟನ್ನು ಕೇಳಿ ಹಾಕಿಸಿಕೊಂಡಳು.

ಮಾರನೆಯ ದಿನ ಮೂವರೂ ಬೀದಿಯ ತಿರುವಿಗೆ ಬಂದಾಗ ಮಹಾಲಕ್ಷ್ಮಮ್ಮ ಮಂಡಿನೋವಿನಲ್ಲೂ ಜಗಲಿಯ ಕಂಬ ಹಿಡಿದು ನಿಂತಿದ್ದಳು. ಇವರನ್ನು ಕಂಡೊಡನೆ, ಆಗತಾನೇ ಬಂದವಳಂತೆ, ಜಗಲಿ ಗುಡಿಸಲು ಬಗ್ಗಿದಳು. ಶಿವರುದ್ರಮ್ಮ ಕಾಲಿಗೆ ನಮಸ್ಕರಿಸಿದಳು. ಅತ್ತೆ ಕಾಲು ತೊಳೆಯಲು ನೀರು ತಂದಿಟ್ಟಳು. ಒಳಗೆ ಹೋದವಳು ಮತ್ತೆ ಹೊರಗೆ ಬಂದು ಮಗನನ್ನು ಕೇಳಿದಳು:

"ಗೆದ್ಯಾ?"

"ನಾನಲ್ಲ ಕಣವ್ವ. ಅವಳು ಗೆದ್ದಳು. ನಮ್ಮೆಲ್ಲರ ಮೇಲೂ."

ಮಹಾಲಕ್ಷ್ಮಮ್ಮ ಸೊಸೆಯನ್ನು ತಲೆಯಿಂದ ಕಾಲಿನ ತನಕ ನೋಡಿದಳು. ಒಳಗೆ ಚಿಕ್ಕಮಲ್ಲಪ್ಪ ಆಗಲೇ ಊಟಕ್ಕೆ ಮಣೆಯ ಮೇಲೆ ಕೂತು ತಣಿಗೆ ಮುಂದಿಟ್ಟುಕೊಂಡಿದ್ದ.

"ಏಳಿ," ಎಂದಳು ಮಹಾಲಕ್ಷ್ಮಮ್ಮ ಗಂಡನಿಗೆ. "ಅವಳು ಕೂರ್ಲಿ. ಗೆದ್ದೋರು ಮೊದ್ಲು ಉಣ್ಬೇಕು."

ಅಂಥ ಪದ್ಧತಿ ಆ ಮನೆಯಲ್ಲಿ ಯಾವತ್ತೂ ಇರಲಿಲ್ಲ. ಚಿಕ್ಕಮಲ್ಲಪ್ಪ ಹೆಂಡತಿಯ ಮುಖ ನೋಡಿದ, ತಾಯಿಯ ಮುಖ ನೋಡಿದ, ಎದ್ದು ತಣಿಗೆಯನ್ನು ಪಕ್ಕದ ಗೋಡೆಗೆ ಒರಗಿಸಿ ನಿಂತ. ಶಿವರುದ್ರಮ್ಮ ಮಾವನ ಮಣೆಯ ಮೇಲೆ ಕೂರಲಾರದೆ ಅದರ ಪಕ್ಕದಲ್ಲಿ ನೆಲಕ್ಕೆ ಕೂತಳು. ಅತ್ತೆ ಬಿಸಿ ಮುದ್ದೆ ಇಕ್ಕಿ, ಸಾರು ಬಿಟ್ಟು, ಒಂದು ಮಿಳ್ಳೆ ತುಪ್ಪ ಸುರಿದು, ಎದುರಿಗೇ ಕೂತುಕೊಂಡಳು. ಶಿವರುದ್ರಮ್ಮ ಒಂದು ತುತ್ತು ಮುರಿದು ಸಾರಿಗದ್ದಿ ನುಂಗುವ ತನಕ ಆ ಮನೆಯಲ್ಲಿ ಯಾರೂ ಅಲ್ಲಾಡಲಿಲ್ಲ.